ಹದಿನೇಳನೆಯ ದಾರಿ

14 ಮೇ 1989, ರವಿವಾರ. ಬೆಳಿಗ್ಗೆ 10-30

ಮುಂದಿನ ಚಕ್ರ ಮತ್ತೆ ಮೆತ್ತಗಾಗಿತ್ತು. ಪಂಪು ಹೊಡೆದು 4-50ಕ್ಕೆ ಹೊರಟೆ. ಒಬ್ಬನೇ. ಭೀಮಸಿ ಸೈಕಲ್ ಅಂಗಡಿ ಮುಚ್ಚಿ ಸೋದರಳಿಯನ ಮದುವೆಗೆ ಕಬ್ಬೂರಿಗೆ ಹೋಗಿದ್ದಾನೆ. ರವಿವಾರದ ಗುಂಪಿನ ಉಳಿದವರಿಗೆ ನಿದ್ದೆ.

ಸಿಕ್ಕಿತು. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದ ದಾರಿ. ಚಿಕ್ಕೋಡಿಯ ಹಿಂದಿನ ಗುಡ್ಡ ಹತ್ತಿ, ನೆತ್ತಿಯ ಬಯಲು ದಾಟಿ, ಬೇವಿನ ಹಳ್ಳಕ್ಕಿಳಿದು ನೇರ ಸ್ತವನಿಧಿ ಕ್ಷೇತ್ರದ ಕಡೆಗೆ. 23 ಕಿಲೋಮೀಟರ್. ಒಂದು ಲಾರಿ ಇಲ್ಲ, ಒಂದು ಮೋಟಾರ್ ಸೈಕಲ್ ಇಲ್ಲ. ಎದುರಿಗೆ ಸಿಕ್ಕದ್ದು ಒಂದು ಕುರಿ ಹಿಂಡು, ಒಬ್ಬ ಮುದುಕ. ಅವನೂ ಏನೂ ಕೇಳಲಿಲ್ಲ.

‘ಮೋಟಾರಿಲ್ಲದ ದಾರಿಗಳು’ ನೋಟ್‌ಬುಕ್ಕಿನಲ್ಲಿ ನಂಬರ್ 17 ಎಂದು ಬರೆದೆ. ನಕ್ಷೆ ಬಿಡಿಸಿದೆ. ಡ್ರಾಯಿಂಗ್ ಮಾಸ್ತರನಾಗಿದ್ದಕ್ಕೆ ಇದೊಂದೇ ಲಾಭ. ಷರಾ: ‘ಏರು ಸೌಮ್ಯ. ನೆತ್ತಿಯ ಮೇಲೆ ಸಣ್ಣ ಹುಡಿಮಣ್ಣು. ಕಲ್ಲಿಲ್ಲ, ಮುಳ್ಳಿಲ್ಲ. ಬರಿಗಾಲಲ್ಲೂ ನಡೆಯಬಹುದು.’

ಇದನ್ನು ಭೀಮಸಿಗೂ ಹೇಳುವುದಿಲ್ಲ. ಸ್ವಲ್ಪ ದಿನ ನನ್ನದೇ ಇರಲಿ.

4 ಜೂನ್, ರವಿವಾರ

ರವಿವಾರದ ಗುಂಪಿಗೆ ಹೊಸಬ. ಆಬಾಸಾಹೇಬ. ಕೊಲ್ಹಾಪುರದಿಂದ ಇಲ್ಲಿಯ ಬ್ಯಾಂಕಿಗೆ ವರ್ಗವಾಗಿ ಬಂದವ, ನಮ್ಮವನೇ, ಜೈನ. ಇಪ್ಪತ್ತೆಂಟು ಇರಬಹುದು. ಅರ್ಧ ಚಡ್ಡಿ. ಸೈಕಲ್ ಪುಣೆಯದು. ಹತ್ತು ಗೇರು.

“ಗುರುಜಿ, ಬ್ಯಾಂಕಿನ್ಯಾಗ ಎಲ್ಲಾರೂ ನಿಮ್ಮ ಹೆಸರ ಹೇಳಿದ್ರಿ. ನಾನೂ ಬರಲೇನ್ರಿ?” ಅಂದ. ಬಾ ಅನ್ನದೆ ಏನನ್ನಲಿ. ರಸ್ತೆ ನನ್ನಪ್ಪನದಲ್ಲ.

ಸದಲಗಾ ಕಡೆ ಹೊರಟೆವು. ದೂಧಗಂಗೆಯ ದಂಡೆ, ನಂಬರ್ 4. ಮೂರು ಕಡೆ ನಿಂತು ಚಹಾ ಕುಡಿದೆವು. ಮೂರೂ ಕಡೆ ಜನ ಅವನ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡಿದರು. ನನ್ನ ಸೈಕಲ್ಲಿಗೆ ಒಂದು ಎಮ್ಮೆ ಮೈ ತಿಕ್ಕಿತು. ಹನ್ನೊಂದು ವರ್ಷದಲ್ಲಿ ಅದೇ ಸನ್ಮಾನ.

11 ಜೂನ್

ಗುಡ್ಡದ ಏರಿನಲ್ಲಿ ನಾವೆಲ್ಲ ಇಳಿದು ತಳ್ಳುತ್ತೇವೆ. ಅದೇ ರೂಢಿ. ತಳ್ಳುತ್ತ ಮಾತಾಡುವುದೇ ಚೆಂದ. ಅವನು ಇಳಿಯಲಿಲ್ಲ. ಕಟ್ ಕಟ್ ಎಂದು ಗೇರು ಬದಲಿಸಿ ಕುಳಿತೇ ಹತ್ತಿದ. ಮೇಲೆ ನಿಂತು ಕಾಯುತ್ತಿದ್ದ. ಬೆವರೂ ಇಲ್ಲ.

ಭೀಮಸಿ ಬಾಯಿ ಬಿಟ್ಟುಕೊಂಡು ನೋಡಿದ. “ಮಾಸ್ತರ, ಅದ ಸೈಕಲ್ ಅಲ್ಲ ಬಿಡ್ರಿ. ಎತ್ತ ಇಲ್ಲದ ಗಾಡಿ. ತಾನ ಏರತೈತಿ!”

ಇಪ್ಪತ್ತು ವರ್ಷದ ಗೆಳೆಯ. ನನ್ನ ಸೈಕಲ್ಲಿಗೆ ಇಷ್ಟು ಪಂಕ್ಚರ್ ಹಾಕಿದ್ದಾನೆ, ಒಂದು ದಿನವೂ ಇಂಥ ಮಾತು ಬಂದಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನೋಡೋಣ, ಮಳೆಗಾಲ ಬರಲಿ.

25 ಜೂನ್. ಸಂಜೆ, ಊಟಕ್ಕೆ ಮೊದಲು

ಇವತ್ತು ಅವನು ಹೇಳಿದ ದಾರಿಗೆ ಹೋದರು. ಎಲ್ಲಿಂದಲೋ ಸರ್ವೆ ನಕಾಶೆ ತಂದಿದ್ದ, ಬಟ್ಟೆಗೆ ಅಂಟಿಸಿದ್ದು. ಬೆರಳಿಟ್ಟು “ರೂಟ್ ಹಿಂಗ ಐತ್ರಿ” ಅಂದ. ಎಲ್ಲರೂ ಅವನ ಹಿಂದೆ. ನಾನು ಮೊಳಕಾಲು ನೋವು ಅಂದೆ. ನೋವಿರಲಿಲ್ಲ.

ಮಧ್ಯಾಹ್ನ ಭೀಮಸಿ ಬಂದು ವರದಿ ಒಪ್ಪಿಸಿದ. ದಾರಿ ಮಸ್ತ ಇತ್ತಂತೆ. ಕೆರೆಯಂತೆ. ಮಾವಿನ ತೋಪಂತೆ. ಕೇಳಿದಷ್ಟೂ ನಿಜವಾಗಿಯೂ ಮೊಳಕಾಲು ನೋಯತೊಡಗಿತು.

20 ಜುಲೈ, ಗುರುವಾರ

ಬಹಳ ದಿನ ಬರೆದಿಲ್ಲ. ಜಿಟಿಜಿಟಿ ಮಳೆ. ಸೈಕಲ್ ಮೊಳೆಗೆ ತೂಗುಬಿದ್ದಿದೆ.

ಮಹಾರಾಜರು ಚಾತುರ್ಮಾಸಕ್ಕೆ ನಮ್ಮ ಬಸದಿಗೆ ಬಂದರು. ದಿಗಂಬರ ಮುನಿಗಳು, ಅರವತ್ತು ದಾಟಿದೆ. ದೇಶವೆಲ್ಲ ಬರಿಗಾಲಲ್ಲಿ ನಡೆದವರು. ಇನ್ನು ದೀಪಾವಳಿ ಮುಗಿಯುವ ತನಕ ಇಲ್ಲೇ ವಾಸ. ನೆಲದ ತುಂಬ ಚಿಗುರು, ಹುಳ-ಹುಪ್ಪಡಿ. ಹೆಜ್ಜೆ ಇಟ್ಟರೆ ಹಿಂಸೆ. ನನಗೆ ಕೆಸರಿನ ಕಾಟ. ನಾನೂ ಮಹಾರಾಜರೂ ಮಳೆಗಾಲ ಕುಳಿತೇ ಕಳೆಯುವವರು. ಇದನ್ನು ಹೇಳಿದರೆ ಹೆಂಡತಿ ಕಮಲಾ “ನಾಲಿಗಿಗೆ ಎಲುಬಿಲ್ಲ ನಿಮಗ” ಎಂದು ಬೈದಳು.

9 ಆಗಸ್ಟ್

ಅಲ್ಲಿಯೂ ಅವನೇ! ಬೆಳಿಗ್ಗೆ ಒದ್ದೆ ಧೋತರ ಉಟ್ಟು, ಮಹಾರಾಜರ ಆಹಾರದ ಅಡಿಗೆಗೆ ಬಾವಿ ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಕೊಡ ಹೊತ್ತು ಕೊಡುತ್ತಾನೆ. ದಿನಾಲೂ. ಆಮೇಲೆ ಬ್ಯಾಂಕಿಗೆ.

ಸೋನಾಬಾಯತ್ತಿ ಹೊಗಳಿ ಹೊಗಳಿ ಸುಸ್ತಾಗಿದ್ದಾಳೆ. ಅಡಿಗೆಯ ಹೊಣೆ ಅವಳದು. “ಎಂಥಾ ಹುಡುಗ ಅಂತಿ ತವನಪ್ಪಾ! ನೀ ಒಂದ ದಿನಾನರ ಹಗ್ಗಾ ಹಿಡದೀಯೇನು?” ನನ್ನ ಸ್ವಂತ ಅತ್ತೆ, ಅಪ್ಪನ ತಂಗಿ.

ಕಮಲಾ ಅವನನ್ನು ಕರೆದು ಥಾಲಿಪೆಟ್ಟು ತಿನ್ನಿಸಿದ್ದಾಳೆ. ಮೇಲೆ ಬೆಣ್ಣೆ. ನನಗೆ ಬೆಣ್ಣೆ ಬಂದರೆ ಕಫ ಅನ್ನುವವಳು.

27 ಆಗಸ್ಟ್, ರವಿವಾರ

ನೋಟ್‌ಬುಕ್ ಕೇಳಿದ. “ಗುರುಜಿ, ಎರಡ ದಿನ ಕೊಡ್ರಿ. ಕಾಪಿ ಮಾಡಿ ಹೊಳ್ಳಿ ಕೊಡ್ತೀನ್ರಿ. ನಕಾಶೆದಾಗ ಇಲ್ಲದ ದಾರಿ ನಿಮ್ಮ ಹತ್ರ ಐತಿ ಅಂತ ಎಲ್ಲಾರೂ ಅಂತಾರ.”

ಶಾಲೆಯ ಕಪಾಟಿನಲ್ಲಿದೆ, ಕೀಲಿ ಹೆಡ್‌ಮಾಸ್ತರ ಹತ್ತಿರ ಅಂದೆ. ನೋಟ್‌ಬುಕ್ ಆಗ ನನ್ನ ತೊಡೆಯ ಕೆಳಗೇ ಇತ್ತು. ಅವನು ಹೋಗುವ ತನಕ ಏಳುವಂತಿಲ್ಲ. ಅರ್ಧ ತಾಸು ಕುಳಿತ ಪುಣ್ಯಾತ್ಮ.

1 ಅಕ್ಟೋಬರ್, ರವಿವಾರ

ನಂಬರ್ 9ರ ಮೇಲೆ ಅವನ ಟೈರಿನ ಗುರುತು. ಹಸಿ ಮಣ್ಣಲ್ಲಿ ಸಾಲು ಬಾಣದ ಹಾಗೆ, ಅಚ್ಚು ಹೊಡೆದಷ್ಟು ಸ್ಪಷ್ಟ. ಬೇರೆ ಯಾರ ಟೈರೂ ಅಲ್ಲ. ಹೋದ ವಾರ ನಾನು ಒಬ್ಬನೇ ಹೋದ ದಾರಿ ಅದು. ನನ್ನ ಗಾಲಿ ಹೋದಲ್ಲೆಲ್ಲ ಪಕ್ಕದಲ್ಲೇ ಆ ಬಾಣ. ಹಿಂಬಾಲಿಸಿದ್ದಾನೆ!

ಊರಿಗೆ ಬಂದವಳು ನೀರಿಗೆ ಬಾರದೆ ಇದ್ದಾಳೆಯೇ. ಬಂದಳು. ಇನ್ನು ಬಾವಿಯನ್ನೇ ಕೇಳುತ್ತಾಳೆ.

ತೀರ್ಮಾನ: ಹದಿನೇಳರ ಕಡೆ ಸದ್ಯ ತಲೆಯನ್ನೂ ಹಾಕುವುದಿಲ್ಲ. ನೆಲ ಹಸಿಯಿದೆ, ಗಾಲಿ ಗುರುತು ಬಿಡುತ್ತದೆ. ಆ ಒಂದು ದಾರಿ ಅವನಿಗೆ ಸಿಗಬಾರದು.

31 ಅಕ್ಟೋಬರ್, ಮಂಗಳವಾರ

ಬಸದಿಯಲ್ಲಿ ಪಂಚಕಮಿಟಿ ಸಭೆ. ಮಹಾರಾಜರ ವಿಹಾರ ನವೆಂಬರ್ 14ಕ್ಕೆ, ಸ್ತವನಿಧಿಗೆ. ಹುಣ್ಣಿಮೆಗೆ ಅವರ ಉಪವಾಸ. ಮರುದಿನ ಬೆಳಿಗ್ಗೆ ನಡೆಯುತ್ತ ಹೋಗಿ, ನಡುದಾರಿಯಲ್ಲಿ ಆಹಾರ. ಯಾವ ದಾರಿ?

ಡಾಂಬರು ರಸ್ತೆ ಬೇಡ ಎಂದು ಎಲ್ಲರೂ. ಕಬ್ಬಿನ ಟ್ರ್ಯಾಕ್ಟರುಗಳು ಶುರುವಾಗಿವೆ, ಒಂದೊಂದಕ್ಕೆ ಎರಡೆರಡು ಟ್ರೇಲರ್, ಮೇಲೆ ಟೇಪ್ ರೆಕಾರ್ಡರ್. ಜೊತೆಗೆ ಇಲೆಕ್ಷನ್ ಜೀಪುಗಳು.

ಅಧ್ಯಕ್ಷರು ಸೈಕಲ್ಲಿನವರೇ ಹೇಳಿ ಅಂದರು. ಆಬಾಸಾಹೇಬ ನಕಾಶೆ ಬಿಡಿಸಿದ. ಹಳೆ ಕಲ್ಲುಗಣಿಯ ಗಾಡಿದಾರಿ. ಎರಡು ಕಿಲೋಮೀಟರ್ ಹೆಚ್ಚು, ಬರೀ ಗರಸುಕಲ್ಲು. “ಕಾಲಿಗೆ ತ್ರಾಸ ಆಗ್ತೈತ್ರಿ, ಖರೆ. ಆದ್ರ ನೆಲ ಕಾಣತೈತಿ” ಅಂದ.

ನಾನು ಎದ್ದು ನಿಂತೆ. ಹದಿನೇಳನ್ನು ತೆಗೆದೆ. ಷರಾ ಓದಿದೆ. “ಕಲ್ಲಿಲ್ಲ, ಮುಳ್ಳಿಲ್ಲ. ಬರಿಗಾಲಲ್ಲೂ ನಡೆಯಬಹುದು.” ಸೋನಾಬಾಯತ್ತಿಯ ಮುಖದ ಮೇಲೆ ನನ್ನ ಬಗ್ಗೆ ಮೆಚ್ಚಿಗೆಯ ನಗು, ಎಷ್ಟು ವರ್ಷದ ಮೇಲೆ! ಎರಡೂ ದಾರಿ ಕೂಡುವಲ್ಲಿ, ಹಳ್ಳದ ಆಚೆಯ ತೋಟದ ಮನೆಯಲ್ಲಿ ಅವಳ ಚೌಕಾ, ಮುನಿಗಳ ಮಡಿ ಅಡಿಗೆ; ಒಳ್ಳೆ ಬಾವಿ ಇದೆ. ಎಲ್ಲ ನಿಶ್ಚಯವಾಯಿತು. ಮುಂದೆ ಸೈಕಲ್ಲಿನಲ್ಲಿ ದಾರಿ ತೋರಿಸುವವನು ನಾನು.

ಹೊರಗೆ ಅವನು ಹಿಂದೆಯೇ ಬಂದ. “ಗುರುಜಿ, ಇಬ್ರೂ ಕೂಡಿ ಒಂದ ಸಲ ಹೋಗಿ ನೋಡ್ಕೊಂಡ ಬರೂಣ್ರಿ?”

“ಬ್ಯಾಡಪಾ. ಹನ್ನೊಂದ ವರ್ಷದ ಕಣ್ಣ ಇವು. ನೋಡಿದ್ದ ನೋಡೀನಿ” ಅಂದೆ. ಅವನ ಮುಖ ಸಣ್ಣದಾಯಿತು. ಮನೆಗೆ ಬಂದು ಎರಡು ಲಾಡು ತಿಂದೆ.

5 ನವೆಂಬರ್

ಮೂರು ದಿನದಿಂದ ಹಿಂಗಾರಿ ಮಳೆ. ಎಲ್ಲರೂ ಖುಷಿ. ಜೋಳಕ್ಕೆ ಬಂಗಾರವಂತೆ. ನನಗೆ ಜೋಳ ಬೇಡ, 14ರಂದು ಬಿಸಿಲಿದ್ದರೆ ಸಾಕು.

12 ನವೆಂಬರ್, ರವಿವಾರ. ಸಂಜೆ

ಅವನು ಬಂದಿದ್ದ. ಕಮಲಾಳಿಗೆ, ಮನೆಯಲ್ಲಿಲ್ಲ ಅಂತ ಹೇಳು ಎಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಗೊತ್ತಿದೆ ಯಾಕೆ ಬಂದಿದ್ದಾನೆ. ತನ್ನನ್ನೂ ಮುಂದೆ ಕರೆದುಕೊಳ್ಳಿ ಅನ್ನಲಿಕ್ಕೆ. ಸಭೆಯಲ್ಲಿ ಸೋತದ್ದು ಸಾಲದೆ, ಈಗ ಪಾಲು ಬೇಕು.

13 ನವೆಂಬರ್. ಹುಣ್ಣಿಮೆ

ಮತ್ತೆ ಬಂದಿದ್ದ. ಮತ್ತೆ ಬಚ್ಚಲು. ಕಮಲಾ ಸಿಟ್ಟಾದಳು. “ಸುಳ್ಳ ಹೇಳಿ ಹೇಳಿ ನನ್ನ ಬಾಯಿ ಹೊಲಸ ಆತು. ಅಂವಾ ಏನೋ ಹೇಳ್ಬೇಕಂತ ಒದ್ದಾಡಾಕತ್ತಾನ. ಒಂದ ಮಾತ ಕೇಳಿದ್ರ ನಿಮ್ಮ ಗಂಟ ಏನ ಹೋಗ್ತೈತಿ?”

ಹೋಗುತ್ತದೆ. ಅವಳಿಗೇನು ಗೊತ್ತು.

ಶಾಲೆಗೆ ರಜೆ ಚೀಟಿ ಕಳಿಸಿದೆ. ನಾಳೆ ಮಕ್ಕಳ ದಿನಾಚರಣೆ, ರಂಗೋಲಿ ನಾನಿಲ್ಲದೆ ಆಗಲಿ. ಸೈಕಲ್ ಒರೆಸಿದೆ, ಎಣ್ಣೆ ಬಿಟ್ಟೆ. ಹ್ಯಾಂಡಲ್ಲಿಗೆ ಕೇಸರಿ ಧ್ವಜ ಕಟ್ಟಿದೆ.

14 ನವೆಂಬರ್

ಇವತ್ತು ಬರೆಯುವುದಿಲ್ಲ.

15 ನವೆಂಬರ್, ಬುಧವಾರ. ಸ್ತವನಿಧಿ ದಾರಿಯ ತೋಟದ ಮನೆ. ಮಧ್ಯಾಹ್ನ

ಬರೆದುಬಿಡಬೇಕು. ಇಲ್ಲವಾದರೆ ಇದನ್ನೂ ಬಚ್ಚಲಲ್ಲಿಟ್ಟು ಚಿಲಕ ಹಾಕುತ್ತೇನೆ.

ನಿನ್ನೆ ಸೂರ್ಯ ಮೂಡಿದ ಮೇಲೆ ಹೊರಟೆವು. ಮಹಾರಾಜರು, ಹಿಂದೆ ನಲವತ್ತು ಜನ. ಮುಂದೆ ನಾನು. ಊರ ಬಾಗಿಲಲ್ಲೇ ಆಬಾಸಾಹೇಬ ಸೈಕಲ್ ಪಕ್ಕಕ್ಕೆ ತಂದ. “ಗುರುಜಿ, ಒಂದ ಮಾತ್ರೀ…” “ಆಮ್ಯಾಲೆ” ಅಂದು ಪೆಡಲ್ ತುಳಿದೆ. ಕಲ್ಲುಗಣಿಯ ಕವಲು ಬಂತು. ಎಡಕ್ಕೆ ಅವನದು, ಬಲಕ್ಕೆ ನನ್ನದು. ಹೆಮ್ಮೆಯಿಂದ ಬಲಕ್ಕೆ ಹೊರಳಿದೆ.

ಏರು ಮುಗಿಯುವ ತನಕ ಎಲ್ಲ ಸರಿಯಿತ್ತು. ಗಾಡಿ ಜಾಡು, ಬಿಳಿ ಮಣ್ಣು. ಆರು ಕಿಲೋಮೀಟರ್. ನೆತ್ತಿ ಹತ್ತಿದೆ.

ಹುಲ್ಲು.

ಇಡೀ ಬಯಲು ಹಸಿರು. ಮೊಳಕಾಲೆತ್ತರ, ತುದಿಯಲ್ಲಿ ಇಬ್ಬನಿ. ಗೇಣು ನೆಲ ಕಾಣುವುದಿಲ್ಲ. ನಾನು ಆಗಲೇ ಇಪ್ಪತ್ತು ಮಾರು ಒಳಗೆ ಹೋಗಿಬಿಟ್ಟಿದ್ದೆ. ಸೈಕಲ್ಲಿಗೆ ಮೆತ್ತಗೆ, ಹಿತವಾಗಿತ್ತು. ಆ ಹಿತದಲ್ಲಿ ಒಂದು ಗಳಿಗೆ ನನಗೆ ತಿಳಿಯಲೇ ಇಲ್ಲ.

ಹುಟ್ಟಿದಾಗಿನಿಂದ ಗೊತ್ತು. ಮುನಿಗಳು ಹಸಿರು ಹುಲ್ಲಿನ ಮೇಲೆ ಕಾಲಿಡುವುದಿಲ್ಲ. ಹುಲ್ಲಿಗೆ ಜೀವ, ಹುಲ್ಲಿನಲ್ಲಿರುವ ಹುಳಕ್ಕೆ ಜೀವ. ಅಂಬೆಗಾಲಿಡುವ ನಮ್ಮವರ ಕೂಸಿಗೂ ಗೊತ್ತಿರುವ ಮಾತು. ನಾನು ಮೇ ತಿಂಗಳ ಹುಡಿಮಣ್ಣನ್ನು ನವೆಂಬರಿನಲ್ಲಿ ಓದಿ ಹೇಳಿದ್ದೆ.

ಹಿಂತಿರುಗಿ ನೋಡಿದೆ. ಹಸಿರಿನ ಅಂಚಿಗೆ ಮಹಾರಾಜರು ನಿಂತಿದ್ದರು. ನನ್ನ ಗಾಲಿ ಹುಲ್ಲು ಮುರಿದು ಒಂದು ಕಪ್ಪು ಗೆರೆ ಎಳೆದಿತ್ತು, ಅವರ ಪಾದದಿಂದ ನನ್ನ ತನಕ. ಅವರು ಆ ಗೆರೆ ನೋಡಿದರು. ನವಿಲುಗರಿಯ ಪಿಂಛಿ ಎತ್ತಿಕೊಂಡು ಬಂದ ದಾರಿಗೇ ಹೊರಳಿದರು. ಜನ ಎರಡಾಗಿ ಸರಿದು ದಾರಿ ಬಿಟ್ಟರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆರು ಕಿಲೋಮೀಟರ್ ಹಿಂದಕ್ಕೆ. ಆಮೇಲೆ ಕವಲಿನಿಂದ ಕಲ್ಲುಗಣಿಯ ದಾರಿ. ಬಿಸಿಲಿಗೆ ಗರಸು ಕಾದಿತ್ತು. ನಾನು ಸೈಕಲ್ ತಳ್ಳುತ್ತ ಎಲ್ಲರಿಗಿಂತ ಹಿಂದೆ. ಹಾಗಾಗಿ ಕಲ್ಲುಗಳ ಮೇಲೆ ರಕ್ತದ ಚುಕ್ಕೆಗಳನ್ನು ಕಂಡವನು ನಾನೊಬ್ಬನೇ. ಅವರ ಎಡಗಾಲಿನವು.

ತೋಟದ ಮನೆ ಮುಟ್ಟಿದಾಗ ನಾಲ್ಕೂವರೆ. ಆಹಾರದ ಹೊತ್ತು ಮೀರಿತ್ತು. ಸೋನಾಬಾಯತ್ತಿ ಮುಂಜಾನೆ ಒಂಬತ್ತರಿಂದ ಕಳಸ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಬರಮಾಡಿಕೊಳ್ಳಲು. ಅವರು ಬೇಡವೆಂದು ಕೈಮಾಡಿ ಪಕ್ಕದ ಜಗಲಿಗೆ ಹೋಗಿ ಕುಳಿತರು. ಹುಣ್ಣಿಮೆಯ ಉಪವಾಸದ ಮೇಲೆ ಇನ್ನೊಂದು ಉಪವಾಸ. ಒಂದು ಹನಿ ನೀರಿಲ್ಲ. ಮುನಿಗಳು ಉಣ್ಣದೆ ಆ ಮನೆಯವರೂ ಉಣ್ಣಲಿಲ್ಲ.

ಅತ್ತೆ ಕಳಸ ಕೆಳಗಿಟ್ಟಳು. “ತವನಪ್ಪಾ, ಹುಲ್ಲ ನಿನ್ನ ಕಣ್ಣಿಗೆ ಕಾಣಲಿಲ್ಲೇನೋ?” ಅಂದಳು. ಸಿಟ್ಟಿರಲಿಲ್ಲ ಮಾತಿನಲ್ಲಿ. ನಿಜವಾಗಿಯೂ ಕೇಳುತ್ತಿದ್ದಳು.

ರಾತ್ರಿ ಜೋಳದ ಹಗೇವಿನ ಹತ್ತಿರ ಆಬಾಸಾಹೇಬ ಸಿಕ್ಕ. ನಾನೇ ಕೇಳಿದೆ. ರವಿವಾರ ಅವನು ಹೋಗಿ ನೋಡಿ ಬಂದಿದ್ದನಂತೆ.

“ಕಮಿಟಿಗೆ ಯಾಕ ಹೇಳಲಿಲ್ಲಲೇ?”

“ನಿಮ್ಮನ್ನ ಬಿಟ್ಟ ಹೆಂಗ ಹೇಳಲ್ರಿ ಗುರುಜಿ? ನಾಲ್ಕ ಮಂದ್ಯಾಗ ನಿಮ್ಮ ಮರ್ಯಾದಿ… ಅದಕ್ಕ ಮನೀಗಿ ಬಂದೆ. ನೀವು ಸಿಗಲಿಲ್ಲ. ಹನ್ನೊಂದ ವರ್ಷದ ಕಣ್ಣು ಅಂದಿದ್ರಿ. ಹುಲ್ಲ ತಪ್ಪಿಸಿ ಹೋಗಾಕ ನಿಮಗ ಬ್ಯಾರೆ ಕಾಲ್ದಾರಿ ಗೊತ್ತಿರಬೇಕು ಅನ್ಕೊಂಡೆ. ನಂದ ತಪ್ಪಾತ್ರಿ.”

ತಪ್ಪನ್ನೂ ಅವನೇ ತೆಗೆದುಕೊಂಡ! ಅದನ್ನೂ ನನಗೆ ಬಿಡಲಿಲ್ಲ.

ಅದೇ ದಿನ, ಸಂಜೆ 5

ಇವತ್ತು ಬೆಳಿಗ್ಗೆ ಆಹಾರ ಅಡ್ಡಿಯಿಲ್ಲದೆ, ನಿರಂತರಾಯವಾಗಿ ಆಯಿತು. ಮೊದಲ ಬೊಗಸೆ ನೀರು ಹಾಕಿದವನು ಆಬಾಸಾಹೇಬ. ತಂಬಿಗೆ ಬಗ್ಗಿಸಿದ, ಮಹಾರಾಜರು ನಿಂತು, ಕಣ್ಣು ಮುಚ್ಚಿ, ಕುಡಿದರು. ಎಲ್ಲರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ.

ಆದರೆ ಖರೆ ಬರೆಯುತ್ತೇನೆ, ಯಾರೂ ಓದುವುದಿಲ್ಲ. ಆ ಹೊತ್ತಿಗೂ ಹೊಟ್ಟೆ ಉರಿಯಿತು. ಆ ಇನ್ನೊಂದು ದಿನದ ಬಾಯಾರಿಕೆ ನನ್ನಿಂದ, ನೀರು ಮಾತ್ರ ಅವನ ಕೈಯಿಂದ. ನನಗೆ ನನ್ನ ಬಗ್ಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಉರಿ ಆರಲಿಲ್ಲ.

ಮಧ್ಯಾಹ್ನ ಮಹಾರಾಜರ ಮುಂದೆ ಕುಳಿತು ಪ್ರಾಯಶ್ಚಿತ್ತ ಕೇಳಿದೆ.

“ಆ ದಾರಿ ಯಾವಾಗ ನೋಡಿದ್ದಿ?”

“ಮೇ ತಿಂಗಳದಾಗ್ರಿ.”

“ಆಮ್ಯಾಲೆ ಯಾಕ ಹೋಗಲಿಲ್ಲ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಶಾಲೆ, ಮಳೆ, ಮೊಳಕಾಲು. ಅವರ ಎಡಗಾಲಿನ ಮೇಲೆ ಕಣ್ಣು ಬಿತ್ತು. “ನನ್ನ ಗಾಲಿ ಗುರ್ತ ಹಿಡದ ಆಬಾಸಾಹೇಬ ಬರ್ತಾನಂತ ಹೆದರಿದೆ ಮಹಾರಾಜ. ಆ ದಾರಿ ಅವಗ ಸಿಗಬಾರದಿತ್ತು.”

ನಾನೇ ಅವಸರ ಮಾಡಿದೆ. “ಸೈಕಲ್ ಬಿಟ್ಟಬಿಡ್ತೀನ್ರಿ. ಜೀವಮಾನ ಮುಟ್ಟೂದಿಲ್ಲ.”

“ಅದು ಸುಲಭ ಐತಿ” ಅಂದರು. “ಒಬ್ಬನ ಹೋಗೂದ ಬಿಡು. ಮುಂದಿನ ಚಾತುರ್ಮಾಸದ ತನಕ. ಯಾರಿಗೆ ದಾರಿ ಸಿಗಬಾರದು ಅಂದ್ಯೋ, ಅವನ ಕೂಡ ಹೋಗು.”

ಕೈಮುಗಿದು ನಿಯಮ ತೆಗೆದುಕೊಂಡೆ. ಉಪ್ಪು ಬಿಡು ಅಂದಿದ್ದರೆ ಬಿಡುತ್ತಿದ್ದೆ. ಸಕ್ಕರೆ, ತುಪ್ಪ, ಏನಾದರೂ…

26 ನವೆಂಬರ್, ರವಿವಾರ

ಹೋಗಲಿಲ್ಲ. ನಿಯಮ ಮುರಿದಿಲ್ಲ. ಒಬ್ಬನೇ ಹೋಗಬಾರದು ಅಂದದ್ದು. ಮನೆಯಲ್ಲಿ ಕೂರಬಾರದು ಅಂದಿಲ್ಲ.

ಕಮಲಾ ನನ್ನನ್ನು ನೋಡಿ, ಮೊಳೆಗೆ ತೂಗುಬಿದ್ದ ಸೈಕಲ್ ನೋಡಿ, ಒಳಗೆ ಹೋದಳು.

10 ಡಿಸೆಂಬರ್

ಇವತ್ತೂ ಇಲ್ಲ. ಭೀಮಸಿ ಬಂದಿದ್ದ. “ಮಾಸ್ತರ, ಆಬಾಸಾಹೇಬನೂ ಸೈಕಲ್ ಹೊರಗ ತಗದಿಲ್ಲರಿ. ಗುರುಜಿ ಬರೂತನಕ ನಾನೂ ಹೋಗೂದಿಲ್ಲ ಅಂತಾನ. ನೀವಿಬ್ರೂ ಹಿಂಗ ಕುಂತ್ರ ನಮ್ಮ ರವಿವಾರ ಏನ ಮಾಡೂದ್ರಿ?”

ನಾನು ಹೋಗದಿದ್ದರೆ ಅವನೂ ಹೋಗುವುದಿಲ್ಲ. ಉಪವಾಸದಲ್ಲೂ ಪೈಪೋಟಿ!

16 ಡಿಸೆಂಬರ್, ಶನಿವಾರ

ಬ್ಯಾಂಕಿಗೆ ಹೋದೆ. ಕೌಂಟರಿನ ಮೇಲೆ ನೋಟ್‌ಬುಕ್ ಇಟ್ಟೆ. ಹನ್ನೊಂದು ವರ್ಷ. ಕೈ ಸ್ವಲ್ಪ ಹೊತ್ತು ಅದರ ಮೇಲೇ ಇತ್ತು.

“ನಾಳೆ ಐದೂವರೆಗೆ ಬಾ. ಹದಿನೇಳಕ್ಕ ಹೋಗೂಣು. ಹುಲ್ಲ ಒಣಗೈತೇನೋ ನೋಡೂಣು.”

ಅವನು ನೋಟ್‌ಬುಕ್ ತೆರೆಯಲಿಲ್ಲ. ತಿರುಗಿ ನನ್ನ ಕಡೆಗೇ ಸರಿಸಿದ. “ಇದ ನಿಮ್ಮ ಹತ್ರಾನ ಇರ್ಲಿ ಗುರುಜಿ. ನಾ ನಿಮ್ಮ ಹಿಂದ ಬರ್ತೀನಲ್ರಿ.”

17 ಡಿಸೆಂಬರ್, ರವಿವಾರ. ಬೆಳಿಗ್ಗೆ 5-15

ಚಳಿ. ಗಾಳಿ ಹೊಡೆದಾಯಿತು. ನೋಟ್‌ಬುಕ್ ಜೇಬಿನಲ್ಲಿ. ಹದಿನೇಳರ ಷರಾದ ಮುಂದೆ ‘ಮೇ ತಿಂಗಳು ಮಾತ್ರ’ ಎಂದು ಸೇರಿಸಿದೆ. ಉಳಿದ ಹದಿನಾರಕ್ಕೂ ತಿಂಗಳು ಹಾಕಬೇಕು. ಅಂದರೆ ಎಲ್ಲವನ್ನೂ ಮತ್ತೆ ನೋಡಬೇಕು, ಮಳೆಗೊಮ್ಮೆ, ಚಳಿಗೊಮ್ಮೆ. ಅವನ ಜೊತೆಗೆ. ವರ್ಷ ಪೂರ್ತಿ ಹಿಡಿಯುತ್ತದೆ.

ಏರಿನಲ್ಲಿ ಇಳಿದು ತಳ್ಳು ಅಂತ ಹೇಳಬೇಕು ಅವನಿಗೆ. ತಳ್ಳಿದರೆ ಮಾತಾಡಬಹುದು.

ಹೊರಗೆ ಸೈಕಲ್ ಬೆಲ್ಲು. ಅವನೇ. ಐದೂವರೆ ಅಂದರೆ ಐದು ಇಪ್ಪತ್ತಕ್ಕೇ ಬಂದು ನಿಂತಿದ್ದಾನೆ, ನನಗಿಂತ ಮೊದಲು. ಕಮಲಾ ಎದ್ದಳು. ಒಲೆ ಹಚ್ಚಿದಳು. ಚಹಾದ ವಾಸನೆ. ಕಪ್ಪು-ಬಸಿ ಹೊರಗೆ ಹೋಯಿತು… ನನಗಿನ್ನೂ ಕೊಟ್ಟಿಲ್ಲ, ಅವನಿಗೆ ಮೊದಲು —